ಢಾಕಾದ ಹನ್ನೆರಡನೆಯ ತಿದ್ದುಪಡಿ: ರಾಷ್ಟ್ರಪತಿಯಿಂದ ಪ್ರಧಾನಿಯ ಕೈಗೆ

ರಾಷ್ಟ್ರಪತಿ ಎಂಬ ಪದವನ್ನು ಕೇಳಿದಾಗ ನಮ್ಮ ಮನಸ್ಸಿಗೆ ಬರುವ ಚಿತ್ರ ಒಂದೇ. ಸಂಪುಟದ ಸಲಹೆಯಂತೆ ಸಹಿ ಹಾಕುವ, ಜಂಟಿ ಅಧಿವೇಶನದಲ್ಲಿ ಸರ್ಕಾರ ಬರೆದುಕೊಟ್ಟ ಭಾಷಣವನ್ನು ಓದುವ, ಗಣರಾಜ್ಯೋತ್ಸವದ ದಿನ ವಂದನೆ ಸ್ವೀಕರಿಸುವ ಹಿರಿಯರೊಬ್ಬರು. ಬಂಗಾಳಿಯಲ್ಲೂ ಆ ಹುದ್ದೆಗೆ ರಾಷ್ಟ್ರಪತಿ ಎಂದೇ ಹೆಸರು. ಆದರೆ 1975ರ ಜನವರಿಯಿಂದ 1991ರ ಸೆಪ್ಟೆಂಬರ್‌ವರೆಗೆ ಬಾಂಗ್ಲಾದೇಶದಲ್ಲಿ ಆ ಪದಕ್ಕಿದ್ದ ಅರ್ಥ ಪೂರ್ತಿ ಬೇರೆ. ಅಲ್ಲಿ ಸರ್ಕಾರವೆಂದರೆ ರಾಷ್ಟ್ರಪತಿಯೇ. ಮಂತ್ರಿಗಳು ಅವರಿಗೆ ಉತ್ತರ ಹೇಳಬೇಕಾದವರು, ಸಂಸತ್ತಿಗಲ್ಲ. ನಮ್ಮ ಪಕ್ಕದಲ್ಲೇ ಇರುವ ಆ ದೇಶ ಅಧ್ಯಕ್ಷೀಯ ಪದ್ಧತಿಯನ್ನು ಕಳಚಿ ಸಂಸದೀಯ ಪದ್ಧತಿಯನ್ನು ತೊಟ್ಟುಕೊಂಡ ಬಗೆಯನ್ನು, ಹಾಗೆ ತೊಟ್ಟುಕೊಂಡ ಮೇಲೂ ಒಬ್ಬರ ಕೈಯಲ್ಲೇ ಅಧಿಕಾರ ಉಳಿದುಹೋದ ಕಾರಣವನ್ನು ಇಂದು ನಿಮ್ಮ ಮುಂದೆ ಇಡಬೇಕೆಂದಿದ್ದೇನೆ.

ಮೊದಲು ಎರಡು ಪದ್ಧತಿಗಳ ವ್ಯತ್ಯಾಸ ಎಲ್ಲಿದೆ ಎಂಬುದನ್ನು ಸ್ಪಷ್ಟಪಡಿಸಿಕೊಳ್ಳೋಣ. 1948ರ ನವೆಂಬರ್ 4ರಂದು ನಮ್ಮ ಸಂವಿಧಾನದ ಕರಡನ್ನು ಸಂವಿಧಾನ ಸಭೆಯ ಮುಂದಿಟ್ಟು ಮಾತಾಡಿದ ಡಾ. ಬಿ.ಆರ್. ಅಂಬೇಡ್ಕರ್ ಅವರು ಈ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡಿದ್ದರು. ಕಾರ್ಯಾಂಗಕ್ಕೆ ಸ್ಥಿರತೆಯೂ ಇರಬೇಕು, ಹೊಣೆಗಾರಿಕೆಯೂ ಇರಬೇಕು, ಆದರೆ ಎರಡನ್ನೂ ಸಮನಾಗಿ ಕೊಡುವ ವ್ಯವಸ್ಥೆ ಈವರೆಗೆ ಸಿಕ್ಕಿಲ್ಲ ಎಂಬುದು ಅವರ ವಾದದ ತಿರುಳಾಗಿತ್ತು. ಅಮೆರಿಕದ ಮಾದರಿಯಲ್ಲಿ ಸ್ಥಿರತೆ ಹೆಚ್ಚು. ಸಂಸದೀಯ ಮಾದರಿಯಲ್ಲಿ ಹೊಣೆಗಾರಿಕೆ ಹೆಚ್ಚು, ಏಕೆಂದರೆ ಅಲ್ಲಿ ಸರ್ಕಾರದ ಲೆಕ್ಕವನ್ನು ಮತದಾರರು ಚುನಾವಣೆಗೊಮ್ಮೆ ಕೇಳಿದರೆ, ಸದಸ್ಯರು ಪ್ರಶ್ನೆಗಳ ಮೂಲಕ, ಗೊತ್ತುವಳಿಗಳ ಮೂಲಕ, ಕೊನೆಗೆ ಅವಿಶ್ವಾಸ ಮತದ ಮೂಲಕ ದಿನದಿನವೂ ಕೇಳುತ್ತಾರೆ. ಈ ದಿನದಿನದ ಲೆಕ್ಕ ಎಂಬ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಿ, ನನ್ನ ಇಡೀ ಮಾತು ಅದರ ಸುತ್ತಲೇ ಇದೆ. ಸರ್ಕಾರವನ್ನು ತಾನೇ ಇಳಿಸಬಲ್ಲೆನೆಂಬ ಶಕ್ತಿ ಸದನಕ್ಕೆ ಇದ್ದರೆ ಮಾತ್ರ ಅದು ಸಂಸದೀಯ ಪದ್ಧತಿ. ಆ ಶಕ್ತಿ ಇಲ್ಲದಿದ್ದರೆ ಮುಖ್ಯಸ್ಥನನ್ನು ಪ್ರಧಾನಿ ಎಂದು ಕರೆದರೂ, ರಾಷ್ಟ್ರಪತಿ ಎಂದು ಕರೆದರೂ ಒಂದೇ.

ಬಾಂಗ್ಲಾದೇಶ ಹುಟ್ಟಿದ್ದು ಸಂಸದೀಯ ಪದ್ಧತಿಯ ಕನಸಿನೊಂದಿಗೆ. ಪಾಕಿಸ್ತಾನದ ಸೆರೆಯಿಂದ ಬಿಡುಗಡೆಯಾಗಿ 1972ರ ಜನವರಿ 10ರಂದು ಢಾಕಾಕ್ಕೆ ಬಂದಿಳಿದ ಶೇಖ್ ಮುಜೀಬುರ್ ರಹಮಾನ್ ಮರುದಿನವೇ ತಾತ್ಕಾಲಿಕ ಸಂವಿಧಾನದ ಆದೇಶ ಹೊರಡಿಸಿ, ರಾಷ್ಟ್ರಪತಿಯ ಸ್ಥಾನವನ್ನು ಬಿಟ್ಟು ಪ್ರಧಾನಿಯಾದರು. ಪಾಕಿಸ್ತಾನದ ಸೇನಾ ಆಡಳಿತಗಾರ ಅಯೂಬ್ ಖಾನರ ಕಾಲದ ಅಧ್ಯಕ್ಷೀಯ ಆಡಳಿತವನ್ನು ಅನುಭವಿಸಿದ್ದ ಆ ಜನಕ್ಕೆ ಇದು ಸಹಜವಾದ ಆಯ್ಕೆಯಾಗಿತ್ತು. ಕಮಾಲ್ ಹುಸೇನ್ ಅವರ ನೇತೃತ್ವದ 34 ಸದಸ್ಯರ ಸಮಿತಿ ಸಂವಿಧಾನದ ಕರಡು ಸಿದ್ಧಪಡಿಸಿತು. 1972ರ ನವೆಂಬರ್ 4ರಂದು ಅದು ಅಂಗೀಕಾರವಾಗಿ, ವಿಜಯದ ಮೊದಲ ವಾರ್ಷಿಕ ದಿನವಾದ ಡಿಸೆಂಬರ್ 16ರಂದು ಜಾರಿಗೆ ಬಂತು.

ಅದರ ಆಯುಷ್ಯ ಎರಡು ವರ್ಷ ಚಿಲ್ಲರೆ. 1973ರ ಚುನಾವಣೆಯಲ್ಲಿ 300 ಸ್ಥಾನಗಳ ಪೈಕಿ 293 ಗೆದ್ದಿದ್ದ ಅವಾಮಿ ಲೀಗ್, ಕ್ಷಾಮದ ವರ್ಷವಾದ 1974ರ ಕೊನೆಯಲ್ಲಿ ತುರ್ತುಪರಿಸ್ಥಿತಿ ಹೇರಿತು. 1975ರ ಜನವರಿ 25ರಂದು ನಾಲ್ಕನೆಯ ತಿದ್ದುಪಡಿ ಬಂತು. ಒಂದೇ ದಿನದಲ್ಲಿ ಸಂಸದೀಯ ಸರ್ಕಾರ ಹೋಗಿ ಅಧ್ಯಕ್ಷೀಯ ಸರ್ಕಾರ ಬಂತು, ಒಂದೇ ಪಕ್ಷದ ವ್ಯವಸ್ಥೆಗೆ ದಾರಿಯಾಯಿತು, ಮುಜೀಬರು ಅಂದೇ ರಾಷ್ಟ್ರಪತಿಯಾದರು. ವಿಮೋಚನಾ ಯುದ್ಧದಲ್ಲಿ ಸೇನೆಯನ್ನು ನಡೆಸಿದ್ದ ಜನರಲ್ ಉಸ್ಮಾನಿ ಈ ಬದಲಾವಣೆಯನ್ನು ಒಪ್ಪದೆ ಸಂಸತ್ತಿನ ಸದಸ್ಯತ್ವಕ್ಕೇ ರಾಜೀನಾಮೆ ಕೊಟ್ಟರು. ಆ ಗದ್ದಲದಲ್ಲಿ ಅಂಥ ಧ್ವನಿಗಳು ವಿರಳವಾಗಿದ್ದವು, ಆದ್ದರಿಂದಲೇ ಅವರ ಹೆಸರನ್ನು ಇಲ್ಲಿ ಹೇಳುತ್ತಿದ್ದೇನೆ. ಅದೇ ಆಗಸ್ಟ್ 15ರಂದು ಮುಜೀಬರ ಹತ್ಯೆಯಾಯಿತು. ಮುಂದೆ ಸೇನಾಧಿಕಾರಿ ಜಿಯಾವುರ್ ರಹಮಾನ್, ಅವರ ಹತ್ಯೆಯ ನಂತರ ಅಬ್ದುಸ್ ಸತ್ತಾರ್, 1982ರ ಮಾರ್ಚ್ 24ರ ಸೇನಾದಂಗೆಯ ಮೂಲಕ ಹುಸೇನ್ ಮುಹಮ್ಮದ್ ಇರ್ಷಾದ್. ಹದಿನಾರೂವರೆ ವರ್ಷ ಅಧಿಕಾರದ ಕೇಂದ್ರವಾಗಿದ್ದದ್ದು ರಾಷ್ಟ್ರಪತಿಯ ಹುದ್ದೆ.

ಈ ನಡುವೆ ಒಂದು ಕಟ್ಟಡದ ಕತೆಯನ್ನು ಹೇಳದೆ ಮುಂದೆ ಹೋಗಲು ಮನಸ್ಸು ಬರುವುದಿಲ್ಲ. ಢಾಕಾದ ಸಂಸತ್ ಭವನವನ್ನು ನೀವು ಚಿತ್ರದಲ್ಲಾದರೂ ನೋಡಿರುತ್ತೀರಿ. ನೀರಿನ ನಡುವೆ ಎದ್ದು ನಿಂತ ಕಾಂಕ್ರೀಟಿನ ಗೋಡೆಗಳು, ಅವುಗಳಲ್ಲಿ ಕೊರೆದ ದೊಡ್ಡ ವೃತ್ತಗಳು ಮತ್ತು ತ್ರಿಕೋನಗಳು. ಅಮೆರಿಕದ ವಾಸ್ತುಶಿಲ್ಪಿ ಲೂಯಿ ಕಾನ್ ಅದನ್ನು ರೂಪಿಸಿದ್ದು ಪಾಕಿಸ್ತಾನದ ಕಾಲದಲ್ಲಿ. ಯುದ್ಧದಿಂದಾಗಿ ನಿಂತುಹೋಗಿದ್ದ ಕೆಲಸ ಮುಗಿದದ್ದು 1982ರಲ್ಲಿ. ಫೆಬ್ರುವರಿ 15ರಂದು ಅಲ್ಲಿ ಮೊದಲ ಅಧಿವೇಶನ ಸೇರಿತು. ಐದು ವಾರ ಕಳೆಯುವಷ್ಟರಲ್ಲಿ ಇರ್ಷಾದ್ ಸೇನಾಡಳಿತ ಘೋಷಿಸಿ ಆ ಸಂಸತ್ತನ್ನೇ ವಿಸರ್ಜಿಸಿದರು. ಅಷ್ಟು ದೊಡ್ಡ ಭವನ ಕಟ್ಟಿದ ದೇಶದಲ್ಲಿ ಒಳಗೆ ಕೂರುವವರ ಮಾತಿಗೆ ಬೆಲೆ ಬರಲು ಇನ್ನೂ ಒಂಬತ್ತು ವರ್ಷ ಕಾಯಬೇಕಾಯಿತು.

ಆ ಒಂಬತ್ತು ವರ್ಷಗಳಲ್ಲಿ ಬೀದಿಯಲ್ಲಿ ನೆತ್ತರು ಹರಿಯಿತು. 1987ರ ನವೆಂಬರ್ 10ರಂದು ನೂರ್ ಹುಸೇನ್ ಎಂಬ ಯುವಕ ಸರ್ವಾಧಿಕಾರ ತೊಲಗಲಿ, ಪ್ರಜಾಪ್ರಭುತ್ವಕ್ಕೆ ಬಿಡುಗಡೆ ಸಿಗಲಿ ಎಂಬ ಅರ್ಥದ ಘೋಷಣೆಯನ್ನು ತನ್ನ ಎದೆ ಬೆನ್ನುಗಳ ಮೇಲೆ ಬಿಳಿ ಬಣ್ಣದಲ್ಲಿ ಬರೆಸಿಕೊಂಡು ಢಾಕಾದ ಮೆರವಣಿಗೆಯಲ್ಲಿ ನಡೆದ, ಗುಂಡಿಗೆ ಬಲಿಯಾದ. 1990ರ ನವೆಂಬರ್‌ನಲ್ಲಿ ಮೂರು ವಿರೋಧಿ ಮೈತ್ರಿಕೂಟಗಳು ಸೇರಿ ಒಂದು ಜಂಟಿ ರೂಪುರೇಖೆಯನ್ನು ಪ್ರಕಟಿಸಿದವು. ತಟಸ್ಥ ಸರ್ಕಾರದ ಅಡಿಯಲ್ಲಿ ಚುನಾವಣೆ ನಡೆದು ಸಾರ್ವಭೌಮ ಸಂಸತ್ತು ರಚನೆಯಾಗಬೇಕು ಎಂಬುದು ಅದರ ಬೇಡಿಕೆ. ಡಿಸೆಂಬರ್ 6ರಂದು ಇರ್ಷಾದ್ ಇಳಿದರು. ಇಳಿದ ವಿಧಾನವನ್ನೂ ಗಮನಿಸಿ: ಉಪರಾಷ್ಟ್ರಪತಿ ರಾಜೀನಾಮೆ ಕೊಟ್ಟರು, ಆ ಜಾಗಕ್ಕೆ ಮುಖ್ಯ ನ್ಯಾಯಮೂರ್ತಿ ಶಹಾಬುದ್ದೀನ್ ಅಹಮದ್ ನೇಮಕವಾದರು, ಆಮೇಲೆ ಇರ್ಷಾದ್ ಅವರಿಗೇ ಅಧಿಕಾರ ಒಪ್ಪಿಸಿ ಹೊರಬಂದರು. ಸಂವಿಧಾನದ ಎಳೆ ಕಡಿಯದ ಹಾಗೆ ಸರ್ವಾಧಿಕಾರಿಯೊಬ್ಬರನ್ನು ಇಳಿಸಿದ ಈ ನಡೆಯಲ್ಲಿ ದೊಡ್ಡ ಜಾಣ್ಮೆಯಿದೆ ಎಂದು ನಾನು ಭಾವಿಸಿದ್ದೇನೆ.

1991ರ ಫೆಬ್ರುವರಿ 27ರಂದು ಚುನಾವಣೆ ನಡೆಯಿತು. ಖಾಲಿದಾ ಜಿಯಾ ಅವರ ಬಾಂಗ್ಲಾದೇಶ್ ನ್ಯಾಷನಲಿಸ್ಟ್ ಪಾರ್ಟಿಗೆ (ಬಿಎನ್‌ಪಿ) 140 ಸ್ಥಾನ, ಶೇಖ್ ಹಸೀನಾ ಅವರ ಅವಾಮಿ ಲೀಗ್‌ಗೆ 88. ಮತಗಳ ಪ್ರಮಾಣದಲ್ಲಿ ಇವರಿಬ್ಬರ ನಡುವಿನ ಅಂತರ ಶೇಕಡ ಒಂದಕ್ಕಿಂತ ಕಡಿಮೆ. ಮಾರ್ಚ್ 20ರಂದು ಖಾಲಿದಾ ಪ್ರಧಾನಿಯಾದರು. ಆದರೆ ಸಂವಿಧಾನ ಇನ್ನೂ ಹಳೆಯದೇ ಆಗಿತ್ತು, ಕಾರ್ಯಾಂಗದ ಅಧಿಕಾರವೆಲ್ಲ ಹಂಗಾಮಿ ರಾಷ್ಟ್ರಪತಿ ಶಹಾಬುದ್ದೀನರ ಬಳಿ ಇತ್ತು. ಅವರಿಗೆ ಅದು ಬೇಡವಾಗಿತ್ತು. ಮರಳಿ ನ್ಯಾಯಪೀಠಕ್ಕೆ ಹೋಗಲು ಬಿಡಬೇಕೆಂಬ ಷರತ್ತಿನ ಮೇಲೆಯೇ ಅವರು ಆ ಹೊಣೆ ಹೊತ್ತಿದ್ದರು. ಏಪ್ರಿಲ್ 29ರ ರಾತ್ರಿ ಚಿತ್ತಗಾಂಗ್ ಕರಾವಳಿಗೆ ಅಪ್ಪಳಿಸಿದ ಚಂಡಮಾರುತದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಸತ್ತಾಗಲೂ ದೇಶದ ಆಡಳಿತ ಈ ಅರ್ಧಂಬರ್ಧ ಸ್ಥಿತಿಯಲ್ಲೇ ಇತ್ತು.

ಈಗ ಆ ಎರಡು ಪಕ್ಷಗಳ ಇಕ್ಕಟ್ಟನ್ನು ನೋಡಿ. ಬಿಎನ್‌ಪಿ ಜಿಯಾವುರ್ ರಹಮಾನ್ ಕಟ್ಟಿದ ಪಕ್ಷ, ಅಧ್ಯಕ್ಷೀಯ ಪದ್ಧತಿಯೇ ಅದರ ನಿಲುವಾಗಿತ್ತು. ಅವಾಮಿ ಲೀಗ್ ಸಂಸದೀಯ ಪದ್ಧತಿ ಮರಳಿ ಬರಬೇಕೆಂದು ಕೇಳುತ್ತಿತ್ತು, ಆದರೆ 1975ರಲ್ಲಿ ಅದನ್ನು ಕಿತ್ತುಹಾಕಿದ್ದೂ ಅದೇ ಪಕ್ಷ. ಮಹಿಳಾ ಮೀಸಲು ಸ್ಥಾನಗಳೂ ಸೇರಿ 330 ಸದಸ್ಯರಿದ್ದ ಸದನದಲ್ಲಿ ಸಂವಿಧಾನ ತಿದ್ದಲು ಮೂರನೆಯ ಎರಡರಷ್ಟು, ಅಂದರೆ 220 ಮತ ಬೇಕು. ಬಿಎನ್‌ಪಿ ಹತ್ತಿರ ಅಷ್ಟು ಮತವಿರಲಿಲ್ಲ. ಹಾಗೆಂದು ಹಳೆಯ ಪದ್ಧತಿಯನ್ನೇ ಉಳಿಸಿಕೊಂಡು ರಾಷ್ಟ್ರಪತಿಯ ನೇರ ಚುನಾವಣೆಗೆ ಹೋದರೆ, ಮೂರನೆಯ ಒಂದರಷ್ಟು ಮತ ಪಡೆದ ಪಕ್ಷ ಗೆದ್ದೇ ಗೆಲ್ಲುತ್ತದೆಂಬ ಭರವಸೆಯೂ ಇರಲಿಲ್ಲ. ಕೊನೆಗೆ ಬಿಎನ್‌ಪಿ ತನ್ನ ನಿಲುವನ್ನು ಬದಲಿಸಿತು. ಜುಲೈ 2ರಂದು ಹನ್ನೆರಡನೆಯ ತಿದ್ದುಪಡಿಯ ಮಸೂದೆ ಮಂಡನೆಯಾಗಿ, ಎರಡೂ ಕಡೆಯವರಿದ್ದ ಆಯ್ಕೆ ಸಮಿತಿಯಲ್ಲಿ ಚರ್ಚೆಯಾಗಿ, ಆಗಸ್ಟ್ 6ರಂದು 307 ಮತಗಳಿಂದ ಅಂಗೀಕಾರವಾಯಿತು. ವಿರುದ್ಧವಾಗಿ ಒಂದು ಮತವೂ ಬೀಳಲಿಲ್ಲ. ಲೆಕ್ಕಾಚಾರ ಇದ್ದಿರಬಹುದು, ಆದರೂ ಪರಸ್ಪರ ಮುಖ ನೋಡದ ಇಬ್ಬರು ನಾಯಕಿಯರ ಪಕ್ಷಗಳು ಒಂದಾಗಿ ಮತ ಹಾಕಿದ ಆ ದಿನವನ್ನು ನೆನೆದಾಗ ನನಗೆ ಇಂದಿಗೂ ಗೌರವ ಮೂಡುತ್ತದೆ.

ಆಗ ಜಾರಿಯಲ್ಲಿದ್ದ ನಿಯಮದಂತೆ ಇಂಥ ತಿದ್ದುಪಡಿಗೆ ಜನಮತಗಣನೆಯೂ ಬೇಕಾಗಿತ್ತು. ಸೆಪ್ಟೆಂಬರ್ 15ರಂದು ನಡೆದ ಮತದಾನದಲ್ಲಿ ಶೇಕಡ 84ರಷ್ಟು ಜನ ಹೌದೆಂದರು, ಆದರೆ ಮತಗಟ್ಟೆಗೆ ಬಂದವರು ಶೇಕಡ 35 ಮಾತ್ರ. ಎರಡೂ ದೊಡ್ಡ ಪಕ್ಷಗಳು ಒಂದೇ ಕಡೆ ನಿಂತಿದ್ದರಿಂದ ಹುರುಪು ಹುಟ್ಟಲಿಲ್ಲ ಎಂದು ನಾನು ಓದಿಕೊಳ್ಳುತ್ತೇನೆ. ಸೆಪ್ಟೆಂಬರ್ 19ರಂದು ಖಾಲಿದಾ ಎರಡನೆಯ ಸಲ, ಈ ಬಾರಿ ನಿಜವಾದ ಅಧಿಕಾರವುಳ್ಳ ಪ್ರಧಾನಿಯಾಗಿ ಪ್ರಮಾಣವಚನ ಸ್ವೀಕರಿಸಿದರು. ಅಕ್ಟೋಬರ್‌ನಲ್ಲಿ ಸಂಸತ್ತು ಹೊಸ ರಾಷ್ಟ್ರಪತಿಯನ್ನು ಆರಿಸಿತು, ಶಹಾಬುದ್ದೀನರು ತಮ್ಮ ನ್ಯಾಯಪೀಠಕ್ಕೆ ಮರಳಿದರು.

ಇಲ್ಲಿಯವರೆಗಿನದು ಗೆಲುವಿನ ಕತೆ. ಇನ್ನು ಸಂವಿಧಾನದ ಅಕ್ಷರಗಳ ಕಡೆ ಬರೋಣ, ಏಕೆಂದರೆ ಆಮೇಲಿನ ಮೂವತ್ತಮೂರು ವರ್ಷಗಳ ಬೀಜ ಅಲ್ಲಿದೆ.

ನಮ್ಮ ಸಂವಿಧಾನದಲ್ಲಿ ಒಕ್ಕೂಟದ ಕಾರ್ಯಾಂಗದ ಅಧಿಕಾರ ರಾಷ್ಟ್ರಪತಿಯಲ್ಲಿ ನಿಹಿತವಾಗಿದೆ, ಪ್ರಧಾನಿ ಮುಖ್ಯಸ್ಥರಾಗಿರುವ ಮಂತ್ರಿಮಂಡಲದ ಸಲಹೆಯಂತೆ ಅವರು ಅದನ್ನು ಚಲಾಯಿಸಬೇಕು. ಅಂದರೆ ಅಧಿಕಾರ ಒಂದು ಮಂಡಲಿಯ ಮೂಲಕ ಹರಿಯುತ್ತದೆ. ಬಾಂಗ್ಲಾದೇಶದ 55ನೆಯ ವಿಧಿಯ ಮಾತು ಬೇರೆ. ಅಲ್ಲಿ ಕಾರ್ಯಾಂಗದ ಅಧಿಕಾರವನ್ನು ಚಲಾಯಿಸುವವರು ಪ್ರಧಾನಿ ಅಥವಾ ಪ್ರಧಾನಿಯ ಅಧಿಕಾರದ ಮೇರೆಗೆ ಇತರರು. ಸಂಪುಟ ಸಂಸತ್ತಿಗೆ ಸಾಮೂಹಿಕವಾಗಿ ಹೊಣೆಯೆಂದು ಅದೇ ವಿಧಿ ಹೇಳುತ್ತದಾದರೂ, ಅಧಿಕಾರವನ್ನು ಕೊಟ್ಟಿರುವುದು ಒಬ್ಬ ವ್ಯಕ್ತಿಗೆ. ರಾಷ್ಟ್ರಪತಿಗೆ ಸ್ವಂತ ವಿವೇಚನೆಗೆ ಉಳಿದದ್ದು ಪ್ರಧಾನಿಯ ಮತ್ತು ಮುಖ್ಯ ನ್ಯಾಯಮೂರ್ತಿಯ ನೇಮಕ, ಇವೆರಡು ಮಾತ್ರ.

ಇದಕ್ಕಿಂತ ಮುಖ್ಯವಾದದ್ದು 70ನೆಯ ವಿಧಿ. ಒಂದು ಪಕ್ಷದ ಅಭ್ಯರ್ಥಿಯಾಗಿ ಗೆದ್ದ ಸದಸ್ಯ ಆ ಪಕ್ಷಕ್ಕೆ ರಾಜೀನಾಮೆ ಕೊಟ್ಟರೆ ಅಥವಾ ಸದನದಲ್ಲಿ ಅದರ ವಿರುದ್ಧ ಮತ ಹಾಕಿದರೆ ಸ್ಥಾನ ಕಳೆದುಕೊಳ್ಳುತ್ತಾನೆ. ನಾಲ್ಕನೆಯ ತಿದ್ದುಪಡಿ ಇದನ್ನು ಬಿಗಿ ಮಾಡಿ, ಹಾಜರಿದ್ದೂ ಮತ ಹಾಕದಿದ್ದರೆ ಅಥವಾ ಗೈರುಹಾಜರಾದರೆ ಅದೂ ವಿರುದ್ಧ ಮತವೇ ಎಂದಿತು. ಸಂಸದೀಯ ಪದ್ಧತಿಯನ್ನು ಮರಳಿ ತಂದ ಹನ್ನೆರಡನೆಯ ತಿದ್ದುಪಡಿ ಈ ಬಿಗಿಯನ್ನು ಸಡಿಲಿಸುವ ಬದಲು ಇನ್ನಷ್ಟು ಬಿಗಿಗೊಳಿಸಿತು. 2011ರ ಹದಿನೈದನೆಯ ತಿದ್ದುಪಡಿಯಲ್ಲಿ ವಿಧಿ 1972ರ ರೂಪಕ್ಕೆ ಮರಳಿತಾದರೂ ಅದರ ಹಿಡಿತ ಹಾಗೆಯೇ ಉಳಿಯಿತು. ಪಕ್ಷಾಂತರ ತಡೆಯುವ ನಮ್ಮ ಹತ್ತನೆಯ ಅನುಸೂಚಿ 1985ರಲ್ಲಿ ಬಂದದ್ದು, ಅದರಲ್ಲೂ ಈ ದೋಷವಿದೆ. ಆದರೆ ಮೂರನೆಯ ಎರಡರಷ್ಟು ಶಾಸಕರು ಒಪ್ಪಿದರೆ ವಿಲೀನದ ದಾರಿಯಿದೆ, ವಿಪ್ ಮೀರಿದವನನ್ನು ಪಕ್ಷ 15 ದಿನದೊಳಗೆ ಮನ್ನಿಸುವ ಅವಕಾಶವೂ ಇದೆ. ಅಲ್ಲಿ ಅಂಥ ಕಿಂಡಿಗಳಿಲ್ಲ.

ಈ ವಿಧಿ ಏಕೆ ಬಂತೆಂದು ಕೇಳದೆ ಅದನ್ನು ಬೈಯುವುದು ನ್ಯಾಯವಲ್ಲ. 1950ರ ದಶಕದ ಪೂರ್ವ ಪಾಕಿಸ್ತಾನದಲ್ಲಿ ಸದಸ್ಯರು ಕಡೆಯಿಂದ ಕಡೆಗೆ ಹಾರುತ್ತಿದ್ದಂತೆ ಪ್ರಾಂತೀಯ ಸರ್ಕಾರಗಳು ಬೀಳುತ್ತಿದ್ದವು, ಏಳುತ್ತಿದ್ದವು. 1958ರ ಸೆಪ್ಟೆಂಬರ್‌ನಲ್ಲಿ ಶಾಸನಸಭೆಯ ಒಳಗೇ ಹೊಡೆದಾಟವಾಗಿ, ಪೆಟ್ಟು ತಿಂದ ಉಪಸಭಾಧ್ಯಕ್ಷ ಶಾಹೇದ್ ಅಲಿ ಪ್ರಾಣ ಬಿಟ್ಟರು. ಮುಂದಿನ ತಿಂಗಳೇ ಪಾಕಿಸ್ತಾನದಲ್ಲಿ ಸೇನಾಡಳಿತ ಬಂತು. ಅದನ್ನೆಲ್ಲ ಕಣ್ಣಾರೆ ಕಂಡಿದ್ದವರೇ 1972ರಲ್ಲಿ ಸಂವಿಧಾನ ಬರೆದರು. ಪಕ್ಷಾಂತರದ ಭಯ ಏನೆಂದು ಕರ್ನಾಟಕದಲ್ಲಿ ಕುಳಿತ ನಮಗೆ ಯಾರೂ ವಿವರಿಸಬೇಕಾಗಿಲ್ಲ. 2019ರಲ್ಲಿ 17 ಶಾಸಕರು ಅನರ್ಹರಾದದ್ದನ್ನು, ಒಂದು ಸರ್ಕಾರ ಬಿದ್ದು ಇನ್ನೊಂದು ಎದ್ದದ್ದನ್ನು, ಅನರ್ಹರಾದವರಲ್ಲಿ ಹಲವರು ಉಪಚುನಾವಣೆಯಲ್ಲಿ ಗೆದ್ದು ಬಂದದ್ದನ್ನು ನಾವು ನೋಡಿದ್ದೇವೆ. ರೋಗ ನಿಜವಾದದ್ದು, ನನ್ನ ತಕರಾರು ಮದ್ದಿನ ಬಗ್ಗೆ. ಆಸೆಗೆ ಬಿದ್ದು ಕಡೆ ಬದಲಿಸುವವನನ್ನು ತಡೆಯಲು ಹೋಗಿ, ತನ್ನ ಪಕ್ಷದ ಪ್ರಧಾನಿ ತಪ್ಪು ಮಾಡುತ್ತಿದ್ದಾರೆಂದು ಪ್ರಾಮಾಣಿಕವಾಗಿ ನಂಬುವ ಸದಸ್ಯನ ಬಾಯನ್ನೂ ಅದು ಕಟ್ಟಿಬಿಟ್ಟಿತು. ಪ್ರಧಾನಿಯೇ ಪಕ್ಷದ ಮುಖ್ಯಸ್ಥರು, ಪ್ರಧಾನಿಯೇ ಸದನದ ನಾಯಕರು. ಅವರ ವಿರುದ್ಧ ಆಡಳಿತ ಪಕ್ಷದ ಒಬ್ಬ ಸದಸ್ಯನೂ ಕೈ ಎತ್ತುವಂತಿಲ್ಲ ಎಂದ ಮೇಲೆ ಅವಿಶ್ವಾಸ ಗೊತ್ತುವಳಿ ಎಂಬುದು ಕಾಗದದ ಮೇಲಿನ ಅಸ್ತ್ರವಾಯಿತು.

ಸದನದಲ್ಲಿ ಸೋಲಿಸುವ ದಾರಿ ಮುಚ್ಚಿದ್ದರಿಂದ ವಿರೋಧ ಪಕ್ಷಗಳು ಸದನವನ್ನೇ ಬಿಟ್ಟು ಬೀದಿಗೆ ಹೋದವು. 1994ರ ಡಿಸೆಂಬರ್‌ನಲ್ಲಿ ವಿರೋಧ ಪಕ್ಷಗಳ ಸದಸ್ಯರು ಸಾಮೂಹಿಕವಾಗಿ ರಾಜೀನಾಮೆ ಕೊಟ್ಟರು. ಆಮೇಲೆ ಯಾರು ವಿರೋಧ ಪಕ್ಷದಲ್ಲಿದ್ದರೂ ಅಧಿವೇಶನ ಬಹಿಷ್ಕಾರ ಮತ್ತು ಹರತಾಳ ಅವರ ಮುಖ್ಯ ಆಯುಧಗಳಾದವು. ನಾಯಕಿಯರ ಹಟದ ಮೇಲೆ ಎಲ್ಲ ತಪ್ಪನ್ನೂ ಹೊರಿಸುವುದು ಸುಲಭ. ಹಟ ಇದ್ದದ್ದು ನಿಜ, ಆದರೆ ಸಂವಿಧಾನವೂ ಅವರಿಗೆ ಬೇರೆ ದಾರಿಯನ್ನು ಹೆಚ್ಚು ಉಳಿಸಿರಲಿಲ್ಲ.

ರಾಷ್ಟ್ರಪತಿಯ ಹುದ್ದೆ ಎಷ್ಟು ಸೊರಗಿತೆಂದು ತಿಳಿಯಲು ಒಂದು ಪ್ರಸಂಗ ಸಾಕು. 2001ರ ನವೆಂಬರ್‌ನಲ್ಲಿ ರಾಷ್ಟ್ರಪತಿಯಾದ ಬದರುದ್ದೋಜಾ ಚೌಧುರಿ ಬಿಎನ್‌ಪಿ ಸ್ಥಾಪಕರಲ್ಲಿ ಒಬ್ಬರು, ದೊಡ್ಡ ವೈದ್ಯರು. 2002ರ ಮೇ 30ರಂದು, ಜಿಯಾವುರ್ ರಹಮಾನರ ಪುಣ್ಯತಿಥಿಯ ದಿನ, ಅವರು ಸಮಾಧಿಗೆ ಭೇಟಿ ಕೊಡಲಿಲ್ಲ. ಪಕ್ಷದ ಸಂಸದರು ಸಿಟ್ಟಾದರು, ಅವರ ಮೇಲೆ ವಿಶ್ವಾಸವಿಲ್ಲವೆಂದರು, ಜೂನ್ ಕಳೆಯುವ ಮೊದಲೇ ರಾಷ್ಟ್ರಪತಿ ರಾಜೀನಾಮೆ ಕೊಟ್ಟು ಹೊರನಡೆದರು. ಎಲ್ಲ ಪಕ್ಷಗಳಿಗೂ ಸೇರಿದವರಾಗಿರಬೇಕಾದ ರಾಷ್ಟ್ರಮುಖ್ಯಸ್ಥರು ಏಳು ತಿಂಗಳಲ್ಲಿ ಮನೆಗೆ ಹೋದರು.

ಅವಧಿಯ ಮಿತಿಯ ವಿಷಯವೂ ಇದೆ. ಅಧಿಕಾರವಿಲ್ಲದ ರಾಷ್ಟ್ರಪತಿಗೆ ಎರಡು ಅವಧಿಯ ಮಿತಿ, ಅಧಿಕಾರವೆಲ್ಲ ಇರುವ ಪ್ರಧಾನಿಗೆ ಯಾವ ಮಿತಿಯೂ ಇಲ್ಲ. ನಮ್ಮಲ್ಲೂ ಪ್ರಧಾನಿಗೆ ಮಿತಿಯಿಲ್ಲ ಎಂದು ನೀವು ಹೇಳಬಹುದು. ಸದನ ಇಳಿಸಬಲ್ಲ ಪ್ರಧಾನಿಗೆ ಮಿತಿ ಬೇಕಿಲ್ಲ ಎಂಬ ವಾದದಲ್ಲಿ ಹುರುಳಿದೆ, ಇಳಿಸಲಾಗದ ಪ್ರಧಾನಿಗೆ ಆ ವಾದ ಸಲ್ಲುವುದಿಲ್ಲ. 1991ರಿಂದ 2024ರವರೆಗೆ, ಚುನಾವಣೆ ನಡೆಸಲೆಂದು ನಡುವೆ ಬಂದ ತಟಸ್ಥ ಉಸ್ತುವಾರಿ ಸರ್ಕಾರಗಳನ್ನು ಬಿಟ್ಟರೆ, ಬಾಂಗ್ಲಾದೇಶಕ್ಕಿದ್ದ ಪ್ರಧಾನಿಗಳು ಇಬ್ಬರೇ. ಅರ್ಮೇನಿಯದಲ್ಲಿ ಇದೇ ಸಂದು ಇನ್ನೂ ಬೆತ್ತಲೆಯಾಗಿ ಕಂಡಿತು. ಅಲ್ಲಿ 2015ರ ಜನಮತಗಣನೆಯಲ್ಲಿ ಸಂಸದೀಯ ಪದ್ಧತಿಗೆ ಒಪ್ಪಿಗೆ ಸಿಕ್ಕಿತು. ಎರಡು ಅವಧಿ ಮುಗಿಸಿದ ಅಧ್ಯಕ್ಷ ಸೆರ್ಜ್ ಸರ್ಗಸ್ಯಾನ್, ತಾನು ಆ ಹುದ್ದೆಗೆ ಬರುವುದಿಲ್ಲವೆಂದು ಹಿಂದೆ ಮಾತು ಕೊಟ್ಟಿದ್ದರೂ, 2018ರ ಏಪ್ರಿಲ್ 17ರಂದು ಪ್ರಧಾನಿಯಾಗಿ ಕುಳಿತರು. ಜನ ಬೀದಿಗಿಳಿದರು, ಆರು ದಿನಗಳಲ್ಲಿ ಅವರು ರಾಜೀನಾಮೆ ಕೊಡಬೇಕಾಯಿತು.

ಬಾಂಗ್ಲಾದೇಶದಲ್ಲಿ ಅದಕ್ಕೆ ಹೆಚ್ಚು ಕಾಲವೂ ಹಿಡಿಯಿತು, ಹೆಚ್ಚು ಜೀವಗಳೂ ಹೋದವು. ಸರ್ಕಾರವನ್ನು ಬದಲಿಸುವ ಶಕ್ತಿ ಸದನದಲ್ಲಿ ಇರಲಿಲ್ಲ. ಉಸ್ತುವಾರಿ ಸರ್ಕಾರದ ಏರ್ಪಾಡನ್ನು 2011ರಲ್ಲಿ ತೆಗೆದುಹಾಕಿದ ಮೇಲೆ ಮತಪೆಟ್ಟಿಗೆಯ ಮೇಲಿನ ನಂಬಿಕೆಯೂ ಕುಸಿಯಿತು. 2014ರಲ್ಲಿ ಅರ್ಧಕ್ಕಿಂತ ಹೆಚ್ಚು ಕ್ಷೇತ್ರಗಳಲ್ಲಿ ಎದುರಾಳಿಯೇ ಇಲ್ಲದೆ ಆಯ್ಕೆ ನಡೆಯಿತು. ಹತ್ತು ವರ್ಷಗಳ ನಂತರ, 2024ರ ಆಗಸ್ಟ್ 5ರಂದು, ವಿದ್ಯಾರ್ಥಿಗಳ ಚಳವಳಿಯ ಮುಂದೆ ನಿಲ್ಲಲಾಗದೆ ಶೇಖ್ ಹಸೀನಾ ದೇಶ ಬಿಟ್ಟರು. ಹನ್ನೆರಡನೆಯ ತಿದ್ದುಪಡಿ ಅಂಗೀಕಾರವಾಗಿ ಸರಿಯಾಗಿ ಮೂವತ್ತಮೂರು ವರ್ಷ ತುಂಬಲು ಅಂದಿಗೆ ಒಂದು ದಿನ ಬಾಕಿಯಿತ್ತು.

ಆನಂತರ ರಚನೆಯಾದ ಸಂವಿಧಾನ ಸುಧಾರಣಾ ಆಯೋಗ ಅಲಿ ರಿಯಾಜ್ ಅವರ ಅಧ್ಯಕ್ಷತೆಯಲ್ಲಿ ಕೆಲಸ ಮಾಡಿ 2025ರ ಜನವರಿಯಲ್ಲಿ ತನ್ನ ಸಲಹೆಗಳನ್ನು ಕೊಟ್ಟಿತು. ಅಧ್ಯಕ್ಷೀಯ ಪದ್ಧತಿಗೆ ಹಿಂತಿರುಗಬೇಕೆಂದು ಅದು ಹೇಳಲಿಲ್ಲ ಎಂಬುದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಪ್ರಧಾನಿಗೆ ಎರಡು ಅವಧಿಯ ಮಿತಿ, ಪ್ರಧಾನಿಯೇ ಪಕ್ಷದ ಮುಖ್ಯಸ್ಥರೂ ಸದನದ ನಾಯಕರೂ ಆಗಬಾರದು, ಎರಡು ಸದನಗಳು ಬೇಕು, ಹಣಕಾಸು ಮಸೂದೆ ಬಿಟ್ಟು ಉಳಿದೆಲ್ಲದರಲ್ಲಿ ಸದಸ್ಯ ತನ್ನ ಪಕ್ಷದ ವಿರುದ್ಧವೂ ಮತ ಹಾಕಬಹುದು. ಸಂಸದೀಯ ಪದ್ಧತಿಯನ್ನು ಅದರ ಹೆಸರಿಗೆ ತಕ್ಕಂತೆ ಮಾಡುವ ಪ್ರಯತ್ನ ಇದು. ಆದರೆ ಆ ವರ್ಷ ಪಕ್ಷಗಳ ನಡುವೆ ಮಾತುಕತೆ ನಡೆದಾಗ, ಹಣಕಾಸು ಮಸೂದೆಯ ಜೊತೆಗೆ ವಿಶ್ವಾಸಮತದಲ್ಲೂ ಸದಸ್ಯ ಪಕ್ಷಕ್ಕೆ ಕಟ್ಟುಬಿದ್ದಿರಬೇಕು ಎಂಬ ಕಡೆಗೆ ಒಮ್ಮತ ಮೂಡಿತು. ರಸ್ತೆಯ ಬಗ್ಗೆ, ಶಾಲೆಯ ಬಗ್ಗೆ, ತೆರಿಗೆಯಲ್ಲದ ಯಾವುದೇ ಕಾನೂನಿನ ಬಗ್ಗೆ ಆತ ತನ್ನ ಮನಸ್ಸಾಕ್ಷಿಯಂತೆ ಮತ ಹಾಕಬಹುದು. ಪ್ರಧಾನಿ ಇರಬೇಕೋ ಇಳಿಯಬೇಕೋ ಎಂಬ ಪ್ರಶ್ನೆಯಲ್ಲಿ ಮಾತ್ರ ಹಾಕುವಂತಿಲ್ಲ.

ಸ್ಥಿರತೆಯ ಚಿಂತೆಯಿಂದ ಹಾಗೆ ಮಾಡುತ್ತಾರೆಂಬುದು ನನಗೆ ಅರ್ಥವಾಗುತ್ತದೆ, ಆದರೆ ಆ ಚಿಂತೆಗೆ ಇನ್ನೊಂದು ಉತ್ತರವೂ ಇದೆ. ಮೊದಲ ಮಹಾಯುದ್ಧದ ನಂತರದ ವೈಮಾರ್ ಗಣರಾಜ್ಯದಲ್ಲಿ ಸರ್ಕಾರಗಳು ಸಾಲುಸಾಲಾಗಿ ಬಿದ್ದದ್ದನ್ನು ಕಂಡಿದ್ದ ಜರ್ಮನರು 1949ರ ತಮ್ಮ ಮೂಲಭೂತ ಕಾನೂನಿನ 67ನೆಯ ವಿಧಿಯಲ್ಲಿ, ಹೊಸ ಚಾನ್ಸಲರ್ (ಅಲ್ಲಿನ ಸರ್ಕಾರದ ಮುಖ್ಯಸ್ಥ) ಒಬ್ಬರನ್ನು ಬಹುಮತದಿಂದ ಆರಿಸಿದಾಗ ಮಾತ್ರ ಹಾಲಿ ಚಾನ್ಸಲರ್‌ರನ್ನು ಸದನ ಇಳಿಸಬಹುದೆಂದು ಬರೆದುಕೊಂಡರು. ಬರೀ ಕೆಡವಲು ಯಾರೂ ಸೇರುವಂತಿಲ್ಲ, ಕಟ್ಟಲು ಸಿದ್ಧರಿದ್ದವರು ಕೆಡವಬಹುದು. 1972ರಲ್ಲಿ ವಿಲಿ ಬ್ರಾಂಟ್ ವಿರುದ್ಧ ಆ ಪ್ರಯತ್ನ ಎರಡು ಮತಗಳ ಕೊರತೆಯಿಂದ ಸೋತಿತು, 1982ರ ಅಕ್ಟೋಬರ್ 1ರಂದು ಹೆಲ್ಮುಟ್ ಶ್ಮಿಟ್ ಇಳಿದು ಹೆಲ್ಮುಟ್ ಕೋಲ್ ಬಂದದ್ದು ಇದೇ ವಿಧಿಯಿಂದ. ಮತ ಹಾಕಿದ್ದಕ್ಕಾಗಿ ಒಬ್ಬ ಸದಸ್ಯನೂ ತನ್ನ ಸ್ಥಾನ ಕಳೆದುಕೊಳ್ಳಬೇಕಾಗಲಿಲ್ಲ. ಢಾಕಾದಲ್ಲಿ 70ನೆಯ ವಿಧಿಯನ್ನು ಮತ್ತೆ ಬರೆಯುವ ದಿನ ಈ ಮಾದರಿಯೂ ಅವರ ಮೇಜಿನ ಮೇಲೆ ಇರಬೇಕೆಂಬುದು ನನ್ನ ಆಸೆ. ನಮ್ಮ ಹತ್ತನೆಯ ಅನುಸೂಚಿಯ ಬಗ್ಗೆ ಮಾತಾಡುವ ದಿನ ನಮ್ಮ ಮೇಜಿನ ಮೇಲೂ ಅದು ಇರಲಿ.